ಕೊನೊಬ್ ತಿದ್ದಿ ಕೊಮೊಬ್: ರೋಮನ್ ಚಿನ್ನದ ನಾಣ್ಯವೊಂದರ ಟಂಕಸಾಲೆ ಗುರುತು

ಪ್ರಶ್ನೆ: ನಾನು ಧಾರವಾಡದವನು, ಈಗ ವಿಯೆನ್ನಾದಲ್ಲಿ ನೆಲೆಸಿದ್ದೇನೆ. ಕಳೆದ ವರ್ಷ ಇಲ್ಲಿನ ಒಂದು ಹರಾಜಿನಲ್ಲಿ ಚಕ್ರವರ್ತಿ ಎರಡನೆಯ ಥಿಯೋಡೋಸಿಯಸ್‌ನ ಚಿನ್ನದ ಸೊಲಿಡಸ್ ಒಂದನ್ನು ಕೊಂಡೆ. ತೂಕ 4.46 ಗ್ರಾಂ. ಹಿಮ್ಮುಖದ ಸುತ್ತ ‘ಐಎಂಪಿ 42 ಕಾಸ್ 17 ಪಿ ಪಿ’ ಎಂಬ ಬರಹ ರೋಮನ್ ಅಂಕಿಗಳಲ್ಲಿದೆ. ಕೆಳಗೆ ಎಲ್ಲ ಪುಸ್ತಕಗಳಲ್ಲಿ ಕಾಣುವ ‘ಕೊನೊಬ್’ (ಲ್ಯಾಟಿನ್ ಲಿಪಿಯಲ್ಲಿ ಸಿ, ಒ, ಎನ್, ಒ, ಬಿ) ಬದಲು ‘ಕೊಮೊಬ್’ ಎಂದಿದೆ. ಅದರಲ್ಲೂ ‘ಎಮ್’ ಅಕ್ಷರದೊಳಗೆ ಒಂದು ಹೆಚ್ಚುವರಿ ಗೆರೆ ಇದೆ. ಇದು ಅಚ್ಚು ಕೊರೆದವನ ತಪ್ಪೇ, ಆಮೇಲೆ ಮಾಡಿದ ತಿದ್ದುಪಡಿಯೇ, ಅಥವಾ ನಾಣ್ಯವೇ ನಕಲಿಯೇ? ಚಿತ್ರಗಳನ್ನು ಕಳಿಸಿದ್ದೇನೆ.

ಉತ್ತರ: ನೀವು ಕಳಿಸಿದ ಚಿತ್ರಗಳನ್ನು ಹಿಗ್ಗಿಸಿ ಹಲವು ಬಾರಿ ನೋಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿ ಕಾರಣಗಳನ್ನು ಆಮೇಲೆ ವಿವರಿಸುತ್ತೇನೆ. ನಿಮ್ಮ ನಾಣ್ಯದಲ್ಲಿ ‘ಕೊಮೊಬ್’ ತಪ್ಪಲ್ಲ. ತಪ್ಪು ಎನ್ನುವುದಾದರೆ ಅದರ ಅಡಿಯಲ್ಲಿ ಮೊದಲು ಕೊರೆದಿದ್ದ ‘ಕೊನೊಬ್’ ತಪ್ಪಾಗಿತ್ತು, ಅದನ್ನು ಅಚ್ಚಿನಲ್ಲೇ ತಿದ್ದಲಾಗಿದೆ. ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಿದವರು ಇದನ್ನು ಖಚಿತಪಡಿಸಬೇಕು, ಆದರೆ ಚಿತ್ರದಲ್ಲಿ ಕಾಣುವಷ್ಟರ ಮಟ್ಟಿಗೆ ಬೇರೆ ವಿವರಣೆ ಸರಿಹೊಂದುವುದಿಲ್ಲ.

ಈ ಐದು ಅಕ್ಷರಗಳು ಏನನ್ನು ಹೇಳುತ್ತಿದ್ದವು ಎಂಬುದರಿಂದ ಆರಂಭಿಸೋಣ. 4ನೇ ಶತಮಾನದ ಆರಂಭದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಸೊಲಿಡಸ್ ನಾಣ್ಯವನ್ನು ಜಾರಿಗೆ ತಂದಾಗ ಒಂದು ರೋಮನ್ ಪೌಂಡ್ ಚಿನ್ನಕ್ಕೆ 72 ನಾಣ್ಯಗಳು ಎಂಬ ಲೆಕ್ಕವನ್ನು ಇಟ್ಟನು. ಅಂದರೆ ಒಂದು ನಾಣ್ಯಕ್ಕೆ ಸುಮಾರು ನಾಲ್ಕೂವರೆ ಗ್ರಾಂ. ಕಾಲಕ್ರಮದಲ್ಲಿ ಚಿನ್ನದ ಶುದ್ಧತೆ ಇಳಿಯಿತು. ತೆರಿಗೆಯಾಗಿ ಬಂದ ನಾಣ್ಯಗಳನ್ನು ಹಾಗೆಯೇ ಸ್ವೀಕರಿಸುವ ಬದಲು ಕರಗಿಸಿ, ಶೋಧಿಸಿ, ಗಟ್ಟಿಗಳನ್ನಾಗಿ ಮಾಡಿ ಖಜಾನೆಗೆ ಕಳಿಸಬೇಕೆಂದು ವ್ಯಾಲೆಂಟಿನಿಯನ್ ಮತ್ತು ವೇಲೆನ್ಸ್ ಸೋದರರು 366–367ರಲ್ಲಿ ಆಜ್ಞೆ ಹೊರಡಿಸಿದರು. ಇದರ ಬೆನ್ನಿಗೇ ಚಿನ್ನದ ನಾಣ್ಯಗಳ ಟಂಕಸಾಲೆ ಗುರುತಿನ ಕೊನೆಯಲ್ಲಿ ‘ಒ’ ಮತ್ತು ‘ಬಿ’ ಎಂಬ ಎರಡು ಅಕ್ಷರಗಳು ಸೇರಿಕೊಂಡವು. ಅದು ‘ಒಬ್ರೀಜುಮ್’ ಎಂಬ ಪದದ ಸಂಕ್ಷೇಪ. ನಮ್ಮ ಮಾತಿನಲ್ಲಿ ಅಪರಂಜಿ. ಗ್ರೀಕ್ ಸಂಖ್ಯಾಪದ್ಧತಿಯಲ್ಲಿ ಇದೇ ಎರಡು ಅಕ್ಷರಗಳು 70 ಮತ್ತು 2ನ್ನು ಸೂಚಿಸುತ್ತವೆ, ಕೂಡಿದರೆ 72. ತೂಕ ಮತ್ತು ಶುದ್ಧತೆ ಎರಡನ್ನೂ ಒಂದೇ ಜೋಡಿ ಅಕ್ಷರದಲ್ಲಿ ಹೇಳಿದ ಆ ಜಾಣ್ಮೆಯನ್ನು ಮೆಚ್ಚದೆ ಇರಲಾಗದು. ಟ್ರಿಯರ್‌ನಲ್ಲಿ ಅದು ‘ಟ್ರೊಬ್’ ಆಯಿತು, ಪೂರ್ವ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ‘ಕೊನೊಬ್’ ಆಯಿತು.

‘ಕೊಮೊಬ್’ನ ಕಥೆ ಬೇರೆ. ಅದರ ಮೊದಲ ಮೂರು ಅಕ್ಷರಗಳು ಯಾವ ಊರಿನ ಹೆಸರೂ ಅಲ್ಲ. ಚಕ್ರವರ್ತಿಯ ಜೊತೆ ಸಂಚರಿಸುವ ಆಸ್ಥಾನಕ್ಕೆ ‘ಕೊಮಿಟಾಟುಸ್’ ಎಂದೂ, ಚಿನ್ನದ ಮೇಲ್ವಿಚಾರಣೆಯ ಅಧಿಕಾರಿಗೆ ‘ಕೊಮೆಸ್’ ಎಂದೂ ಹೆಸರಿತ್ತು. ವಿದ್ವಾಂಸರು ಈ ಸಂಕ್ಷೇಪವನ್ನು ಈ ಎರಡರಲ್ಲಿ ಒಂದಕ್ಕೆ ಜೋಡಿಸುತ್ತಾರೆ. ಪಶ್ಚಿಮ ಸಾಮ್ರಾಜ್ಯದಲ್ಲಿ ‘ಕೊಮೊಬ್’ ಕೆಳಗಿರುತ್ತದೆ, ಊರಿನ ಗುರುತು ಚಿತ್ರದ ಎರಡು ಬದಿಗಳಲ್ಲಿ ಬಿಡಿ ಅಕ್ಷರಗಳಾಗಿ ಇರುತ್ತದೆ: ಮಿಲಾನಿಗೆ ‘ಎಮ್’ ಮತ್ತು ‘ಡಿ’, ರವೆನ್ನಕ್ಕೆ ‘ಆರ್’ ಮತ್ತು ‘ವಿ’, ರೋಮಿಗೆ ‘ಆರ್’ ಮತ್ತು ‘ಎಮ್’. ಆದ್ದರಿಂದ ಪೂರ್ವದ ರಾಜಧಾನಿಯ ನಾಣ್ಯದ ಮೇಲೆ ‘ಕೊಮೊಬ್’ ಕಂಡಾಗ ಹೊಸದಾಗಿ ಸಂಗ್ರಹಕ್ಕೆ ಬಂದವರು ತಪ್ಪು ಸಿಕ್ಕಿತೆಂದು ಭಾವಿಸುವುದು ಸಹಜ.

ಆದರೆ ನಿಮ್ಮ ನಾಣ್ಯದ ಸರಣಿಯಲ್ಲಿ ‘ಕೊನೊಬ್’ ಮತ್ತು ‘ಕೊಮೊಬ್’ ಎರಡೂ ದೊರೆಯುತ್ತವೆ. ‘ಕೊಮೊಬ್’ ಇರುವುದು ಒಂದೆರಡು ಅಚ್ಚುಗಳಲ್ಲಿ ಮಾತ್ರವಲ್ಲ. ಕೈ ತಪ್ಪಿ ಆದ ಅಕ್ಷರದೋಷ ಒಂದು ಅಚ್ಚಿಗೆ ಸೀಮಿತವಾಗಿರುತ್ತದೆ, ಅಚ್ಚು ಸವೆದು ಮೂಲೆಗೆ ಬಿದ್ದಾಗ ಅದರೊಂದಿಗೆ ಕೊನೆಗೊಳ್ಳುತ್ತದೆ. ಬೇರೆ ಬೇರೆ ಕೈಗಳು ಕೊರೆದ ಹಲವು ಅಚ್ಚುಗಳಲ್ಲಿ ಒಂದೇ ‘ತಪ್ಪು’ ಮರುಕಳಿಸಿದರೆ ಅದರ ಹಿಂದೆ ಯಾವುದೋ ಆದೇಶ ಇದ್ದಿರಬೇಕು.

ಈ ಸರಣಿಯ ಹಿನ್ನೆಲೆಯೂ ಗಮನಾರ್ಹ. ಥಿಯೋಡೋಸಿಯಸ್ 402ರ ಜನವರಿಯಲ್ಲಿ ಶಿಶುವಾಗಿದ್ದಾಗಲೇ ಆಗಸ್ಟಸ್ ಪದವಿ, ಅಂದರೆ ಚಕ್ರವರ್ತಿಯ ಪದವಿ, ಪಡೆದವನು. ಬರಹದ ‘ಐಎಂಪಿ’ ಆಳ್ವಿಕೆಯ ವರ್ಷವನ್ನೂ ‘ಕಾಸ್’ ಕಾನ್ಸುಲ್ ಎಂಬ ಉನ್ನತ ಪದವಿಯನ್ನು ಎಷ್ಟನೇ ಬಾರಿ ಪಡೆದನೆಂಬುದನ್ನೂ ಹೇಳುತ್ತವೆ. ಪದವಿಯಿಂದ 42ನೇ ವರ್ಷವೆಂದರೆ 443. ಅವನು 17ನೇ ಬಾರಿ ಕಾನ್ಸುಲ್ ಆದದ್ದು 439ರಲ್ಲಿ, 18ನೇ ಬಾರಿ 444ರಲ್ಲಿ. ನಾಣ್ಯದ ಮೇಲಿನ ಎರಡೂ ಅಂಕಿಗಳು ಹೀಗೆ 443ರಲ್ಲಿ ಒಂದನ್ನೊಂದು ಸಂಧಿಸುತ್ತವೆ. ಆದರೆ ಈ ಬರಹವಿರುವ ನಾಣ್ಯಗಳ ಸಂಖ್ಯೆಯನ್ನು ನೋಡಿದರೆ ಅವು ಆ ಒಂದೇ ವರ್ಷದಲ್ಲಿ ಅಚ್ಚಾದವೆಂದು ನಂಬುವುದು ಕಷ್ಟ. 450ರಲ್ಲಿ ಚಕ್ರವರ್ತಿ ತೀರಿಕೊಳ್ಳುವವರೆಗೂ ಅಚ್ಚು ಮುಂದುವರಿದಿರಬೇಕು. ಅದು ಅಟಿಲನ ಹೂಣರು ಕಾನ್‌ಸ್ಟಾಂಟಿನೋಪಲ್‌ನಿಂದ ಕಪ್ಪ ವಸೂಲಿ ಮಾಡುತ್ತಿದ್ದ ದಶಕ. ಅಟಿಲನ ಬಳಿಗೆ ಹೋದ ರಾಯಭಾರದಲ್ಲಿ ತಾನೇ ಇದ್ದ ಪ್ರಿಸ್ಕಸ್ ಎಂಬ ಇತಿಹಾಸಕಾರ, ಬಾಕಿಯ ಲೆಕ್ಕಕ್ಕೆ 6,000 ಪೌಂಡ್ ಚಿನ್ನವನ್ನೂ ಮುಂದೆ ವರ್ಷಕ್ಕೆ 2,100 ಪೌಂಡ್ ಚಿನ್ನವನ್ನೂ ಕೊಡಬೇಕಾಯಿತೆಂದು ಬರೆದಿದ್ದಾನೆ. ಬಾಕಿಯನ್ನು ಪೂರ್ತಿಯಾಗಿ ನಾಣ್ಯದಲ್ಲಿ ಕೊಟ್ಟಿದ್ದರೆ ಅದು 4,32,000 ಸೊಲಿಡಸ್‌ಗಳಾಗುತ್ತಿತ್ತು. ಹಂಗೇರಿಯ ಸಿಕಾಂಚ್ ಎಂಬಲ್ಲಿ 1960ರ ದಶಕದಲ್ಲಿ ಸಿಕ್ಕ 1,439 ಸೊಲಿಡಸ್‌ಗಳ ನಿಧಿಯಲ್ಲಿ ಬಹುಪಾಲು ಇದೇ ಚಕ್ರವರ್ತಿಯವು. ಇಷ್ಟು ನಾಣ್ಯ ಹೊರಡಿಸಬೇಕಾದ ಟಂಕಸಾಲೆಯಲ್ಲಿ ಅಚ್ಚು ಕೊರೆಯುವವರ ಮೇಲೆ ಎಂತಹ ಒತ್ತಡ ಇದ್ದಿರಬಹುದೆಂಬುದನ್ನು ಊಹಿಸಿಕೊಳ್ಳಿ. ನಿಮ್ಮ ‘ಎಮ್’ ಅಕ್ಷರವನ್ನು ನಾನು ಇಷ್ಟು ಅಕ್ಕರೆಯಿಂದ ನೋಡುವುದು ಈ ಕಾರಣಕ್ಕೆ: ಆ ಒತ್ತಡದ ನಡುವೆ ಒಬ್ಬ ಕೆಲಸಗಾರ ಒಂದು ಕ್ಷಣ ನಿಂತು ತನ್ನ ಕೆಲಸವನ್ನು ಮತ್ತೆ ನೋಡಿಕೊಂಡ ಗುರುತು ಅದರಲ್ಲಿದೆ.

ಈಗ ಆ ಅಕ್ಷರಕ್ಕೆ ಬರೋಣ. ಅಚ್ಚಿನ ಲೋಹದಲ್ಲಿ ಅಕ್ಷರಗಳನ್ನು ತಿರುಗುಮುರುಗಾಗಿ, ತಗ್ಗಾಗಿ ಕೊರೆಯುತ್ತಾರೆ. ನಾಣ್ಯದ ಮೇಲೆ ಅವು ನೇರವಾಗಿ, ಉಬ್ಬಾಗಿ ಮೂಡುತ್ತವೆ. ಆದ್ದರಿಂದ ಅಚ್ಚಿಗೆ ಹೊಸ ಗೆರೆ ಸೇರಿಸುವುದು ಉಳಿಯ ಒಂದು ಪೆಟ್ಟಿನ ಕೆಲಸ. ಕೊರೆದ ಗೆರೆಯನ್ನು ಅಳಿಸುವುದು ಬಹಳ ಕಷ್ಟ. ಅಳಿಸಬೇಕಾದರೆ ಸುತ್ತಲಿನ ಲೋಹವನ್ನು ತಗ್ಗಿಸಿ ಉಜ್ಜಬೇಕು, ಆಗ ಆ ಜಾಗ ಅಚ್ಚಿನಲ್ಲಿ ಹಳ್ಳವಾಗಿ ನಾಣ್ಯದ ಮೇಲೆ ಊದಿಕೊಂಡಂತೆ ಕಾಣುತ್ತದೆ. ತಿದ್ದುಪಡಿಯ ದಿಕ್ಕನ್ನು ಓದಲು ನಮಗೆ ನೆರವಾಗುವುದು ಇದೇ ನಿಯಮ. ‘ಎನ್’ ಅನ್ನು ‘ಎಮ್’ ಮಾಡಲು ಗೆರೆ ಸೇರಿಸಿದರೆ ಸಾಕು. ‘ಎಮ್’ ಅನ್ನು ‘ಎನ್’ ಮಾಡಲು ಅಳಿಸಲೇಬೇಕು.

ನಿಮ್ಮ ಮೂರನೆಯ ಚಿತ್ರವನ್ನು ತೆರೆದಿಟ್ಟುಕೊಂಡು ಇದನ್ನು ಓದಿ. ಸರಿಯಾಗಿ ಕೊರೆದ ‘ಎಮ್’ನಲ್ಲಿ ಎಡಗಂಬದ ತುದಿಯಿಂದ ಹೊರಟ ಓರೆಗೆರೆ ಅಕ್ಷರದ ನಡುವಿನವರೆಗೆ ಇಳಿದು ಅಲ್ಲಿಯೇ ನಿಂತು, ಬಲಗಂಬದ ತುದಿಯಿಂದ ಇಳಿದ ಇನ್ನೊಂದು ಗೆರೆಯನ್ನು ಕೂಡುತ್ತದೆ. ನಿಮ್ಮ ನಾಣ್ಯದಲ್ಲಿ ಎಡಗಂಬದ ಅದೇ ತುದಿಯಿಂದ ಎರಡು ಓರೆಗೆರೆಗಳು ಹೊರಟಿವೆ. ಒಂದು ಕಡಿದಾಗಿ ನಡುವಿಗೆ ಇಳಿಯುತ್ತದೆ. ಇನ್ನೊಂದು, ಅದಕ್ಕಿಂತ ತೆಳುವಾದದ್ದು, ನಡುವನ್ನು ದಾಟಿ ಬಲಗಂಬದ ಬುಡದವರೆಗೂ ಹೋಗಿದೆ. ಆ ತೆಳುಗೆರೆ ‘ಎಮ್’ಗೆ ಬೇಕಾಗಿಯೇ ಇಲ್ಲ, ಅದು ‘ಎನ್’ ಅಕ್ಷರದ ಓರೆಗೆರೆ. ಇನ್ನೂ ಒಂದು ವಿಷಯ: ಬಲಗಡೆಯಿಂದ ಇಳಿದ ದಪ್ಪಗೆರೆ ಈ ತೆಳುಗೆರೆಯನ್ನು ಕತ್ತರಿಸುವ ಜಾಗದಲ್ಲಿ ದಪ್ಪಗೆರೆ ಎತ್ತರವಾಗಿ ನಿಂತಿದೆ, ಅಂದರೆ ಅಚ್ಚಿನಲ್ಲಿ ಅದು ಹೆಚ್ಚು ಆಳವಾಗಿತ್ತು. ತಿದ್ದುವವನು ಹಳೆಯ ಗೆರೆ ಮಸುಕಾಗಲೆಂದು ಹೊಸ ಗೆರೆಯನ್ನು ಆಳವಾಗಿ ಹೊಡೆಯುವುದು ಸಹಜ. ಬದಲಾದದ್ದು ಅಚ್ಚು ಎಂಬುದಕ್ಕೂ, ‘ಎನ್’ನಿಂದ ‘ಎಮ್’ ಕಡೆಗೆ ಬದಲಾಯಿತು ಎಂಬುದಕ್ಕೂ ಈ ಒಂದು ಚದರ ಮಿಲಿಮೀಟರಿನಷ್ಟು ಜಾಗವೇ ಸಾಕ್ಷಿ.

ಇಲ್ಲಿಂದ ನನ್ನ ಮುಖ್ಯವಾದ ಮಾತು ಹೊರಡುತ್ತದೆ. ಯಾರೂ ಸರಿಯಾದದ್ದನ್ನು ತಿದ್ದಿ ತಪ್ಪು ಮಾಡುವ ಶ್ರಮ ತೆಗೆದುಕೊಳ್ಳುವುದಿಲ್ಲ. ದಶಕಗಳಿಂದ ‘ಕೊನೊಬ್’ ಕೊರೆದು ಪಳಗಿದ ಕೈ ಅಭ್ಯಾಸಬಲದಿಂದ ‘ಎನ್’ ಕೊರೆದುಬಿಟ್ಟಿತು. ಈ ಅಚ್ಚಿಗೆ ‘ಎಮ್’ ಬೇಕಿತ್ತೆಂದು ಆಮೇಲೆ ಅವನಿಗೋ ಅವನ ಮೇಲಿನವನಿಗೋ ಹೊಳೆಯಿತು. ಹಾಗಾಗಿ ನಿಮ್ಮ ನಾಣ್ಯದ ತಿದ್ದುಪಡಿಯು ‘ಕೊಮೊಬ್’ ಬೇಕೆಂದೇ ಹಾಕಿದ ಗುರುತು ಎಂಬ ವಾದಕ್ಕೆ ಬಲ ಕೊಡುತ್ತದೆ. ಸಂಚಾರದಲ್ಲಿದ್ದ ಆಸ್ಥಾನದ ವೆಚ್ಚಕ್ಕಾಗಿಯೋ, ಪ್ರತ್ಯೇಕ ಪಾವತಿಯೊಂದಕ್ಕಾಗಿಯೋ ಆ ಗುರುತು ಬಳಕೆಯಾಗಿರಬಹುದು. ಒಂದೇ ನಾಣ್ಯದ ಆಧಾರದಿಂದ ಅಲ್ಲಿಯವರೆಗೆ ಹೋಗುವುದು ಅವಸರವಾಗುತ್ತದೆ, ಆದರೆ ಗುರುತು ಉದ್ದೇಶಪೂರ್ವಕ ಎಂಬಲ್ಲಿ ನನಗೆ ಅನುಮಾನವಿಲ್ಲ.

ಬೇರೆ ಸಾಧ್ಯತೆಗಳನ್ನು ಏಕೆ ಬಿಟ್ಟೆ ಎಂದು ನೀವು ಕೇಳಬಹುದು. ಹೊಡೆಯುವಾಗ ನಾಣ್ಯ ಜರುಗಿ ಎರಡು ಬಾರಿ ಅಚ್ಚಾಗಿದ್ದರೆ ಒಂದು ಅಕ್ಷರ ಮಾತ್ರವಲ್ಲದೆ ಅದರ ನೆರೆಯ ಎಲ್ಲವೂ ಒಂದೇ ದಿಕ್ಕಿನಲ್ಲಿ ಜೋಡಿಯಾಗುತ್ತಿತ್ತು. ನಿಮ್ಮ ನಾಣ್ಯದಲ್ಲಿ ಪಕ್ಕದ ‘ಒ’ ಅಕ್ಷರದ ಅಂಚು ಒಂದೇ ಆಗಿದೆ, ಮೇಲಿನ ಅಡ್ಡಗೆರೆಯೂ ಒಂದೇ. ಅಚ್ಚು ಬಿರುಕು ಬಿಟ್ಟಿದ್ದರೆ ಬಿರುಕು ಅಕ್ಷರದ ಗಡಿಯನ್ನು ಲೆಕ್ಕಿಸದೆ ಅಂಕುಡೊಂಕಾಗಿ ಹರಿಯುತ್ತಿತ್ತು. ನಿಮ್ಮ ತೆಳುಗೆರೆ ಎರಡು ಕಂಬಗಳ ನಡುವೆ ಅಳತೆಯಿಟ್ಟಂತೆ ನಿಂತಿದೆ. ಮಾರಾಟಗಾರನೊಬ್ಬ ಇತ್ತೀಚೆಗೆ ನಾಣ್ಯದ ಮೇಲೆಯೇ ಕೈಯಾಡಿಸಿದ್ದರೆ ಗೆರೆ ಉಬ್ಬಾಗಿರುವ ಬದಲು ಗೀರಾಗಿ ತಗ್ಗಿರುತ್ತಿತ್ತು, ಅಥವಾ ಉಬ್ಬು ತೋರಿಸಲು ಸುತ್ತಲಿನ ನೆಲವನ್ನು ಕೆರೆದಿರುತ್ತಿದ್ದ. ಚಿನ್ನ ಮೆದು ಲೋಹ, ಕೆರೆದದ್ದು ಅಡಗುವುದಿಲ್ಲ. ಇದನ್ನು ನೀವೇ ಪರೀಕ್ಷಿಸಬಹುದು: ಹತ್ತು ಪಟ್ಟು ಹಿಗ್ಗಿಸುವ ಭೂತಕನ್ನಡಿ ಹಿಡಿದು, ದೀಪವನ್ನು ನಾಣ್ಯದ ಮಟ್ಟಕ್ಕೆ ಇಳಿಸಿ, ಬೆಳಕು ಒಂದು ಬದಿಯಿಂದ ಮಾತ್ರ ಬೀಳುವಂತೆ ಮಾಡಿ, ನಾಣ್ಯವನ್ನು ನಿಧಾನವಾಗಿ ತಿರುಗಿಸಿ. ಉಬ್ಬು ಗೆರೆಯ ನೆರಳು ಬೆಳಕಿನ ಆಚೆಬದಿಗೆ ಬೀಳುತ್ತದೆ, ತಗ್ಗಿದ ಗೆರೆಯ ನೆರಳು ಬೆಳಕಿನ ಬದಿಗೇ ಬೀಳುತ್ತದೆ.

ನಕಲಿಯ ಪ್ರಶ್ನೆ ಪ್ರತ್ಯೇಕವಾದದ್ದು, ಟಂಕಸಾಲೆ ಗುರುತಿನಿಂದ ಅದನ್ನು ತೀರ್ಮಾನಿಸಲಾಗದು. ನಿಮ್ಮ ನಾಣ್ಯದ ತೂಕ ಸರಿಯಾಗಿದೆ. ಈ ಕಾಲದ ಸೊಲಿಡಸ್ ಬಹುಮಟ್ಟಿಗೆ ಶುದ್ಧ ಚಿನ್ನವಾದ್ದರಿಂದ ಅದರ ಸಾಪೇಕ್ಷ ಸಾಂದ್ರತೆ ಶುದ್ಧ ಚಿನ್ನದ 19.3ಕ್ಕೆ ಬಹಳ ಹತ್ತಿರವಿರಬೇಕು. ನೀರಿನಲ್ಲಿ ತೂಗಿ ಇದನ್ನು ಅಳೆಯಬಹುದು, ನಾಣ್ಯಕ್ಕೆ ಹಾನಿಯಿಲ್ಲ. ದಯವಿಟ್ಟು ಒರೆಗಲ್ಲಿಗೆ ಮಾತ್ರ ಉಜ್ಜಬೇಡಿ. ಎರಕ ಹೊಯ್ದ ನಕಲಿಯಲ್ಲಿ ಅಕ್ಷರಗಳ ಅಂಚು ಮೊಂಡಾಗಿರುತ್ತದೆ, ನೆಲದಲ್ಲಿ ಸಣ್ಣ ಗುಳಿಗಳಿರುತ್ತವೆ. ಆಧುನಿಕ ಅಚ್ಚಿನಿಂದ ನಿಜವಾದ ಚಿನ್ನದಲ್ಲಿ ಹೊಡೆದ ನಕಲಿಗಳೂ ಇವೆ, ಅವುಗಳನ್ನು ಹಿಡಿಯಲು ಅಚ್ಚುಗಳ ಹೋಲಿಕೆ ಮುಖ್ಯವಾದ ದಾರಿ. ನಿಮ್ಮ ಊರಿನಲ್ಲೇ ಇರುವ ಕಲಾ ಇತಿಹಾಸ ವಸ್ತುಸಂಗ್ರಹಾಲಯದ ನಾಣ್ಯ ವಿಭಾಗವು ಜಗತ್ತಿನ ಬಹು ದೊಡ್ಡ ನಾಣ್ಯಸಂಗ್ರಹಗಳಲ್ಲಿ ಒಂದು. ಅಲ್ಲಿನ ತಜ್ಞರಿಗೆ ಒಮ್ಮೆ ಪತ್ರ ಬರೆದು ನೋಡಿ.

ತಪ್ಪಿನಂತೆ ಕಂಡೂ ತಪ್ಪಲ್ಲದ ಇನ್ನು ಕೆಲವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇವು ಮುಂದೆಯೂ ನಿಮಗೆ ಎದುರಾಗುತ್ತವೆ. 5ನೇ ಶತಮಾನದ ಅಚ್ಚುಗಳಲ್ಲಿ ‘ಎ’ ಅಕ್ಷರಕ್ಕೆ ಅಡ್ಡಗೆರೆ ಇಲ್ಲದಿರುವುದು ಸಾಮಾನ್ಯ. ತಲೆಕೆಳಗಾದ ‘ವಿ’ಯಂತೆ ಕಾಣುವ ಅದನ್ನು ಅಕ್ಷರದೋಷವೆಂದು ಬರೆದಿಡುವುದು ಹೊಸಬರು ಮೊದಲು ಎಡವುವ ಜಾಗ. ‘ವಿಕ್ಟೋರಿಯಾ’ ಎಂಬ ಬರಹದ ಬಳಿಕ ಬರುವ ಮೂರು ‘ಜಿ’ಗಳು ಮೊದಲು ಮೂವರು ಚಕ್ರವರ್ತಿಗಳನ್ನು ಸೂಚಿಸುತ್ತಿದ್ದವು, ಮುಂದೆ ಚಕ್ರವರ್ತಿಗಳ ಸಂಖ್ಯೆ ಎಷ್ಟಿದ್ದರೂ ಹಾಗೆಯೇ ಉಳಿದುಕೊಂಡವು. ಅವುಗಳ ನಂತರ ಬರುವ ಒಂಟಿ ಗ್ರೀಕ್ ಅಕ್ಷರವು ಟಂಕಸಾಲೆಯೊಳಗಿನ ಹತ್ತು ಕಾರ್ಯಶಾಲೆಗಳಲ್ಲಿ ಯಾವುದು ಎಂಬುದರ ಗುರುತು. ತಿದ್ದುಪಡಿಯನ್ನು ಹುಡುಕುವವರು ಈ ಅಕ್ಷರದ ಮೇಲೆ ಕಣ್ಣಿಡಬೇಕು: ಆಲ್ಫಾದ ಕಾಲುಗಳ ಕೆಳಗೆ ಒಂದು ಗೆರೆ ಎಳೆದರೆ ಡೆಲ್ಟಾ ಆಗುತ್ತದೆ, ಗಾಮಾಕ್ಕೆ ಎರಡು ಗೆರೆ ಸೇರಿಸಿದರೆ ಎಪ್ಸಿಲಾನ್ ಆಗುತ್ತದೆ. ಹಾಗೆಯೇ ‘ಕೊನೊಬ್’ ಇದ್ದರೂ ಹಿಮ್ಮುಖದಲ್ಲಿ ಎರಡು ನಕ್ಷತ್ರಗಳಿದ್ದರೆ ಅಂತಹ ನಾಣ್ಯಗಳನ್ನು ವಿದ್ವಾಂಸರು ಥೆಸಲೊನಿಕದ ಟಂಕಸಾಲೆಗೆ ಸೇರಿಸುತ್ತಾರೆ. ಇನ್ನು 7ನೇ ಶತಮಾನದಲ್ಲಿ ಚಕ್ರವರ್ತಿ ಹೆರಾಕ್ಲಿಯಸ್‌ನ ಕೆಲವು ನಾಣ್ಯಗಳ ಮೇಲೆ ‘ಒಬಿ’ ತಿರುಗುಮುರುಗಾಗಿ ‘ಬಿಒ’ ಎಂದಿದ್ದು ಅದರ ಮುಂದೆ ರೋಮನ್ ಅಂಕಿಯಲ್ಲಿ 20 ಎಂದಿರುತ್ತದೆ. ಅದು ಕೈತಪ್ಪಲ್ಲ. ಸಿಲಿಕ್ವ ಎಂಬ ಸಣ್ಣ ತೂಕದ ಅಳತೆಯಲ್ಲಿ 24 ತೂಗಬೇಕಾದ ಸೊಲಿಡಸ್ ಇಲ್ಲಿ 20 ಸಿಲಿಕ್ವ ಮಾತ್ರ ತೂಗುತ್ತದೆ ಎಂದು ಬಹಿರಂಗವಾಗಿ ಸಾರುವ ಗುರುತು.

ನಿಜವಾದ ಅಕ್ಷರದೋಷಗಳಿಗೆ ದೊಡ್ಡ ತವರು ಸಾಮ್ರಾಜ್ಯದ ಗಡಿಯಾಚೆಯ ಅನುಕರಣೆಗಳು. ಗಾಲ್‌ನಲ್ಲಿ (ಇಂದಿನ ಫ್ರಾನ್ಸ್ ಪ್ರದೇಶ) ನೆಲೆನಿಂತ ವಿಸಿಗಾತ್ ಜನಾಂಗದವರು ರವೆನ್ನದ ನಾಣ್ಯವನ್ನು ಊರಿನ ಗುರುತೂ ಸೇರಿದಂತೆ ನಕಲು ಮಾಡಿದರು. ನಮ್ಮ ನಾಡಿನವರೂ ಇದರಿಂದ ದೂರವಿರಲಿಲ್ಲ. ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಸಿಕ್ಕ ನಿಧಿಯಲ್ಲಿ 5 ಮತ್ತು 6ನೇ ಶತಮಾನದ ಸೊಲಿಡಸ್‌ಗಳಿವೆ. ದಕ್ಷಿಣ ಭಾರತದಲ್ಲಿ ದೊರೆತ ಇಂತಹ ಅನೇಕ ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಭಾಗಕ್ಕೆ ಎರಡು ತೂತುಗಳಿವೆ. ಮುಖ ಎದುರಿಗೆ ಕಾಣುವಂತೆ ದಾರಕ್ಕೆ ಪೋಣಿಸಿಯೋ ಬಟ್ಟೆಗೆ ಹೊಲಿದೋ ಧರಿಸುತ್ತಿದ್ದರು. ಇಲ್ಲಿಯೇ ತಯಾರಾದ ಅನುಕರಣೆಗಳಲ್ಲಿ ಲ್ಯಾಟಿನ್ ಅಕ್ಷರಗಳು ಬರಬರುತ್ತಾ ಬರೀ ಕಡ್ಡಿಗೆರೆಗಳಾಗಿವೆ. ಅವುಗಳ ಮೇಲೆ ‘ಕೊನೊಬ್’ ಕೆಟ್ಟುಹೋಗಿದೆ ಎನ್ನುವುದು ಸರಿಯಲ್ಲ, ಏಕೆಂದರೆ ಕೊರೆದವನಿಗೆ ಅದು ಓದುವ ಬರಹವೇ ಆಗಿರಲಿಲ್ಲ, ಚಿನ್ನಕ್ಕೆ ಇರಬೇಕಾದ ಅಲಂಕಾರವಾಗಿತ್ತು.

ನೀವು ಮುಂದೆ ಮಾಡಬೇಕಾದ ಕೆಲಸ ಒಂದಿದೆ, ಸಂಗ್ರಹಕಾರರು ಇದನ್ನು ಏಕೆ ಮಾಡುವುದಿಲ್ಲವೋ ನನಗೆ ಯಾವಾಗಲೂ ಬೇಸರ. ಇದೇ ಹಿಮ್ಮುಖದ ಅಚ್ಚಿನಿಂದ ಹೊಡೆದ ಬೇರೆ ನಾಣ್ಯಗಳನ್ನು ಹರಾಜಿನ ಪಟ್ಟಿಗಳಲ್ಲಿಯೂ ವಸ್ತುಸಂಗ್ರಹಾಲಯಗಳ ಚಿತ್ರಸಂಚಯಗಳಲ್ಲಿಯೂ ಹುಡುಕಿ. ಅಕ್ಷರಗಳನ್ನು ಮಾತ್ರ ನೋಡಬೇಡಿ, ಅವುಗಳ ಸ್ಥಾನವನ್ನು ನೋಡಿ: ಸಿಂಹಾಸನದ ಕಾಲು ಯಾವ ಅಕ್ಷರದ ನೇರಕ್ಕೆ ಬಂದಿದೆ, ಕುಳಿತ ಕಾನ್‌ಸ್ಟಾಂಟಿನೋಪಲ್ ದೇವಿಯ ಪಾದ ಹಡಗಿನ ಮೂತಿಯನ್ನು ಎಲ್ಲಿ ಮೆಟ್ಟಿದೆ, ನಕ್ಷತ್ರದ ಯಾವ ಮೊನೆ ರಾಜದಂಡದ ಕಡೆಗಿದೆ. ಕೈಯಲ್ಲಿ ಕೊರೆದ ಎರಡು ಅಚ್ಚುಗಳಲ್ಲಿ ಇವೆಲ್ಲ ಒಂದೇ ರೀತಿ ಬರುವುದಿಲ್ಲ. ಎಲ್ಲವೂ ಹೊಂದಿ, ಮೂರನೆಯ ಅಕ್ಷರ ಮಾತ್ರ ತಿದ್ದದ ‘ಎನ್’ ಆಗಿರುವ ನಾಣ್ಯವೊಂದು ಸಿಕ್ಕರೆ, ಅಚ್ಚು ಸ್ವಲ್ಪ ಕಾಲ ‘ಕೊನೊಬ್’ ಆಗಿ ದುಡಿದು ಆಮೇಲೆ ಬದಲಾಯಿತು ಎಂದು ಸಿದ್ಧವಾಗುತ್ತದೆ. ಸಿಕ್ಕಿದ್ದೆಲ್ಲವೂ ನಿಮ್ಮದರಂತೆಯೇ ಇದ್ದರೆ, ತಿದ್ದುಪಡಿ ಕೊರೆಯುವವನ ಮಣೆಯ ಮೇಲೆಯೇ, ಮೊದಲ ನಾಣ್ಯ ಬೀಳುವ ಮೊದಲೇ ಆಗಿತ್ತು ಎಂದು ತಿಳಿಯಬಹುದು. ಇವೆರಡರಲ್ಲಿ ಮೊದಲನೆಯದು ಇತಿಹಾಸಕ್ಕೆ ಹೆಚ್ಚು ಬೆಲೆಯುಳ್ಳದ್ದು, ಗುರುತಿನ ಬದಲಾವಣೆ ಯಾವ ಹಂತದಲ್ಲಿ ಜಾರಿಗೆ ಬಂತೆಂಬುದನ್ನು ಅದು ತೋರಿಸುತ್ತದೆ.

ಮಾರುಕಟ್ಟೆಯ ಬೆಲೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ‘ಅಪರೂಪದ ದೋಷ’ ಎಂಬ ಹೆಸರಿನಲ್ಲಿ ಹೆಚ್ಚು ಹಣ ಕೇಳುವವರನ್ನು ನಂಬಬೇಡಿ, ನೀವೂ ಹಾಗೆ ಮಾರಬೇಡಿ. ನಾಣ್ಯವನ್ನು ಉಜ್ಜಿ ತೊಳೆಯಬೇಡಿ. ಗೆರೆಗಳ ಬುಡದಲ್ಲಿ ಉಳಿದಿರುವ ಹಳೆಯ ಮಣ್ಣಿನ ಕಣಗಳೂ ಸಾಕ್ಷಿಯೇ. ಪೆಟ್ಟಿಗೆಯ ಚೀಟಿಯಲ್ಲಿ ಈಗ ಬರೆದಿರುವ ‘ಟಂಕಸಾಲೆ ತಪ್ಪು’ ಎಂಬುದನ್ನು ಹೊಡೆದುಹಾಕಿ ಹೀಗೆ ಬರೆಯಿರಿ: ‘ಎರಡನೆಯ ಥಿಯೋಡೋಸಿಯಸ್, ಸೊಲಿಡಸ್, ಕಾನ್‌ಸ್ಟಾಂಟಿನೋಪಲ್, ಸುಮಾರು 443–450, 4.46 ಗ್ರಾಂ; ಕೊಮೊಬ್, ಮೂರನೆಯ ಅಕ್ಷರ ಅಚ್ಚಿನಲ್ಲಿ ಎನ್ ಮೇಲೆ ಎಮ್.’ ಅದರ ಕೆಳಗೆ ಕೊಂಡ ದಿನ, ಹರಾಜಿನ ಕ್ರಮಸಂಖ್ಯೆ ಮತ್ತು ಹಿಂದಿನ ಒಡೆತನದ ವಿವರ ಇರಲಿ. ಅದೇ ಅಚ್ಚಿನ ಇನ್ನೊಂದು ನಾಣ್ಯ ಕಣ್ಣಿಗೆ ಬಿದ್ದ ದಿನ ಅದರ ಚಿತ್ರವನ್ನು ನನಗೂ ಕಳಿಸಿ.